ಅರ್ಧಕ್ಕೆ ನಿಂತ ಫರ್ಮ್‌ವೇರ್: ಮುಲುಂಡಿನ ಒಂದು ಮನೆಯ ರೂಟರ್ ಪ್ರಕರಣ

ಹಿನ್ನೆಲೆ

ಮುಂಬೈಯ ಮುಲುಂಡಿನಲ್ಲಿ ಹಳೆಯ ಸೊಸೈಟಿಯೊಂದರ ಮೂರನೆಯ ಮಹಡಿಯ ಮನೆ. ಕುಂದಾಪುರ ಕಡೆಯವರು, ಯಜಮಾನರಿಗೆ ಹತ್ತಿರದಲ್ಲೇ ಒಂದು ಹೋಟೆಲು. ಮನೆಯಲ್ಲಿ ಅಜ್ಜಿ, ದಂಪತಿ, ವಾರಕ್ಕೆ ಮೂರು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಮಗಳು, ಕಾಲೇಜಿಗೆ ಹೋಗುವ ಮಗ. ಗುರುತು ಸಿಗದಿರಲೆಂದು ಮನೆಯವರ ಬಗೆಗಿನ ಕೆಲವು ವಿವರ ಬದಲಿಸಿದೆ. ರೂಟರಿಗೆ ಸಂಬಂಧಿಸಿದ ಅಂಕಿಗಳನ್ನು ಮುಟ್ಟಿಲ್ಲ.

ರೂಟರ್ ಟಿಪಿ-ಲಿಂಕ್‌ನ ಡಬ್ಲ್ಯುಆರ್ 841 ಎನ್, ಹಾರ್ಡ್‌ವೇರ್ ಆವೃತ್ತಿ 9. ಈ 9 ಎಂಬ ಅಂಕಿ ಮುಂದೆ ಬಹಳ ಮುಖ್ಯವಾಗುತ್ತದೆ. ಇದೇ ಹೆಸರಿನಲ್ಲಿ ಹತ್ತಾರು ಆವೃತ್ತಿಗಳು ಬಂದಿವೆ. ಹೊರಗಿನ ಪೆಟ್ಟಿಗೆ ನೋಡಲು ಒಂದೇ ತರಹ ಇದ್ದರೂ ಒಳಗಿನ ಚಿಪ್ಪು, ಮೆಮೊರಿ ಬೇರೆ ಬೇರೆ. ಆವೃತ್ತಿ 9ರಲ್ಲಿ ಇರುವುದು ಕ್ವಾಲ್‌ಕಾಮ್ ಅಥೆರಾಸ್ ಚಿಪ್ಪು, ಕರೆಂಟು ಹೋದರೂ ಬರಹ ಉಳಿಯುವ 4 ಎಂಬಿ ಫ್ಲ್ಯಾಶ್, ಕರೆಂಟು ಹೋದರೆ ಅಳಿಯುವ 32 ಎಂಬಿ ರ್‍ಯಾಮ್. ಆವೃತ್ತಿ ಯಾವುದೆಂದು ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಸೀರಿಯಲ್ ನಂಬರಿನ ಹತ್ತಿರ ಸಣ್ಣದಾಗಿ ಅಚ್ಚಾಗಿರುತ್ತದೆ.

ಇಂಟರ್‌ನೆಟ್ ಬರುತ್ತಿದ್ದದ್ದು ಬಡಾವಣೆಯ ಕೇಬಲ್‌ನವನಿಂದ, ಯೂಸರ್‌ನೇಮ್ ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಸಂಪರ್ಕ. ಮಳೆಗಾಲದಲ್ಲಿ ಆಗಾಗ ಕೈಕೊಡುತ್ತಿತ್ತು. ಹಾಗಾಗಿ ಮನೆಯಲ್ಲಿ ಒಂದು ಔಷಧ ರೂಢಿಯಾಗಿತ್ತು: ನೆಟ್ ಹೋಯಿತೆಂದರೆ ಯಾರು ಹತ್ತಿರವಿರುತ್ತಾರೋ ಅವರು ಸ್ವಿಚ್ ಬಂದ್ ಮಾಡಿ, ಹತ್ತು ಎಣಿಸಿ, ಮತ್ತೆ ಹಾಕುವುದು. ಹಗಲೆಲ್ಲ ಹಾಲ್‌ನಲ್ಲೇ ಕೂರುವ ಅಜ್ಜಿ ಇದರಲ್ಲಿ ಪಳಗಿದವರು.

ಆದದ್ದೇನು

ಜುಲೈ ತಿಂಗಳ ಒಂದು ಭಾನುವಾರ ಸಂಜೆ ಮಗ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ಒಳಗಿನ ತಂತ್ರಾಂಶ, ಹೊಸದು ಮಾಡಲು ಕೂತ. ಫೈಲು ಸರಿಯಾದದ್ದೇ, ಆವೃತ್ತಿ 9ರ ಪುಟದಿಂದ ಇಳಿಸಿಕೊಂಡಿದ್ದ. ಒಳಕೋಣೆಯಲ್ಲಿ ಲ್ಯಾಪ್‌ಟಾಪ್, ವೈಫೈ ಮೂಲಕ 192.168.0.1 ಎಂಬ ರೂಟರಿನ ಸೆಟ್ಟಿಂಗ್ ಪುಟ ತೆರೆದು ಫೈಲು ಏರಿಸಿ ಅಪ್‌ಗ್ರೇಡ್ ಒತ್ತಿದ. ಸ್ವಲ್ಪ ಹೊತ್ತಿಗೆ ವೈಫೈ ಕಡಿದುಹೋಯಿತು. ಅದು ಸಹಜವೇ, ಬರೆಯುವಾಗ ರೂಟರ್ ಉಳಿದ ಕೆಲಸಗಳನ್ನು ನಿಲ್ಲಿಸುತ್ತದೆ. ಇತ್ತ ಅಕ್ಕನ ವಿಡಿಯೋ ಕರೆ ತುಂಡಾಯಿತು. "ಅಜ್ಜಿ, ನೆಟ್ ಹೋಯ್ತ್!" ಎಂದು ಅವಳು ಕೂಗಿದಳು. ಅಜ್ಜಿ ಎದ್ದು ಹೋಗಿ ಸ್ವಿಚ್ ಆರಿಸಿದರು.

ಆ ಕ್ಷಣದಲ್ಲಿ ಒಳಗೆ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏರಿಸಿದ ಫೈಲು ಮೊದಲು ರ್‍ಯಾಮಿಗೆ ಬರುತ್ತದೆ. ತಲೆಬರಹ, ಮಾದರಿ ಸಂಖ್ಯೆ, ಮೊತ್ತ (ಫೈಲು ಕೆಡದೆ ಬಂದಿದೆಯೇ ಎಂದು ನೋಡುವ ಲೆಕ್ಕ) ಎಲ್ಲ ಹೊಂದುತ್ತವೆಯೇ ಎಂದು ನೋಡಿದ ಮೇಲಷ್ಟೇ ಫ್ಲ್ಯಾಶ್ ಚಿಪ್ಪಿನ ತುಂಡುಗಳನ್ನು ಒಂದೊಂದಾಗಿ ಅಳಿಸಿ ಬರೆಯಲು ಶುರು. ಹಾಗಾಗಿ "ವೈಫೈಯಿಂದ ಮಾಡಿದ್ದಕ್ಕೇ ಕೆಟ್ಟಿತು" ಎಂಬ ಮಾತು ಅರ್ಧ ನಿಜ. ಫೈಲು ಬರುವಾಗ ವೈಫೈ ಕಡಿದಿದ್ದರೆ ರೂಟರ್ ಅದನ್ನು ತಿರಸ್ಕರಿಸುತ್ತಿತ್ತು, ಹಳೆಯ ಫರ್ಮ್‌ವೇರ್ ಹಾಗೇ ಉಳಿಯುತ್ತಿತ್ತು. ಇಲ್ಲಿ ಕರೆಂಟು ಹೋದದ್ದು ಬರೆಯುವ ನಡುವೆ, ಹಳೆಯದು ಅಳಿದು ಹೊಸದು ಪೂರ್ತಿ ಬರದ ಹೊತ್ತಿನಲ್ಲಿ. ಕೇಬಲ್ ಹಾಕಿ ಮಾಡಿದ್ದರೂ ಅಜ್ಜಿ ಸ್ವಿಚ್ ಆರಿಸಿದ್ದರೆ ಇದೇ ಗತಿ.

ಮತ್ತೆ ಹಾಕಿದಾಗ ಪವರ್ ದೀಪ ನಿಂತು ಉರಿಯಿತು. ಉಳಿದ ದೀಪಗಳು ಒಟ್ಟಿಗೆ ಮಿನುಗಿ ಆರುವುದು, ಕೆಲವು ಸೆಕೆಂಡಿನ ನಂತರ ಮತ್ತೆ ಮಿನುಗುವುದು, ಇಷ್ಟೇ. ವೈಫೈ ಹೆಸರು ಕಾಣಿಸಲಿಲ್ಲ.

ಮೊದಲ ರಾತ್ರಿಯ ಪ್ರಯತ್ನಗಳು

ಮಗ ರಿಸೆಟ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದ, ಆರೇಳು ಸಲ. ಏನೂ ಆಗಲಿಲ್ಲ, ಆಗುವುದೂ ಇಲ್ಲ. ರಿಸೆಟ್ ಗುಂಡಿ ಒತ್ತಿದ್ದನ್ನು ಗಮನಿಸಿ ಸೆಟ್ಟಿಂಗ್ ಅಳಿಸುವ ಕೆಲಸ ಮಾಡುವುದು ಫರ್ಮ್‌ವೇರೇ. ಆ ಫರ್ಮ್‌ವೇರೇ ಇಲ್ಲದ ಮೇಲೆ ಗುಂಡಿಯ ಮಾತು ಕೇಳುವವರು ಯಾರು? ಗುಂಡಿ ಉಪಯೋಗಕ್ಕೆ ಬರುವುದು ಬೇರೊಂದು ಸಮಯದಲ್ಲಿ, ಬೇರೊಬ್ಬರಿಗಾಗಿ. ಅದನ್ನು ಮುಂದೆ ನೋಡೋಣ.

ಅಂದು ರಾತ್ರಿ ಆದ ಒಳ್ಳೆಯ ನಿರ್ಧಾರ ಒಂದೇ. ಮರುದಿನ ಬೆಳಗ್ಗೆ ಮಗಳಿಗೆ ಮೀಟಿಂಗ್ ಇತ್ತು. ಅಪ್ಪನ ಫೋನಿನ ಹಾಟ್‌ಸ್ಪಾಟಿನಲ್ಲಿ ಅದನ್ನು ಮುಗಿಸುವುದೆಂದು ಗೊತ್ತುಮಾಡಿ, ರೂಟರಿನ ಪ್ಲಗ್ ಕಿತ್ತಿಟ್ಟರು. ಕೆಲಸದ ಅವಸರ ಬೇರೆ, ದುರಸ್ತಿ ಬೇರೆ ಎಂದಾಯಿತು. ಇಂಥ ಪ್ರಕರಣಗಳಲ್ಲಿ ನಿಜವಾಗಿ ಹಾಳಾಗುವುದು ಸಾಮಾನ್ಯವಾಗಿ ಎರಡನೆಯ ಹೊಡೆತಕ್ಕೆ, ರಾತ್ರಿ ಹನ್ನೊಂದಕ್ಕೆ ಗಡಿಬಿಡಿಯಲ್ಲಿ ಸಿಕ್ಕ ಫೈಲನ್ನು ಸಿಕ್ಕ ಹಾಗೆ ತುರುಕುವುದರಿಂದ.

ಕಿವಿಗೊಟ್ಟು ಕೇಳುವುದು

ಸೋಮವಾರ ರಾತ್ರಿ ಡೊಂಬಿವ್ಲಿಯಿಂದ ದೊಡ್ಡಮ್ಮನ ಮಗ ಬಂದ. ನೆಟ್‌ವರ್ಕ್ ಕೆಲಸ ಬಲ್ಲವನು. ಅಷ್ಟರಲ್ಲಿ ಮನೆಯ ಮಗ ಎಲ್ಲೋ ಓದಿ ಲ್ಯಾಪ್‌ಟಾಪಿಗೆ 192.168.0.225 ಎಂಬ ವಿಳಾಸ ಕೊಟ್ಟು ನಾಲ್ಕು ಸಲ ಪ್ರಯತ್ನಿಸಿ ಸೋತಿದ್ದ. "ಅಣ್ಣ, ಇದ್ ಸತ್ತ್ ಹೋಯ್ತ್" ಎಂದ.

ಸತ್ತಿತ್ತೇ ಎಂಬುದೇ ಪ್ರಶ್ನೆ. 4 ಎಂಬಿ ಫ್ಲ್ಯಾಶಿನ ಒಳಗಿನ ಹಂಚಿಕೆ ಹೀಗಿದೆ: ಮೊದಲ 128 ಕೆಬಿ ಬೂಟ್‌ಲೋಡರ್. ಅದರ ನಂತರ 3840 ಕೆಬಿ ಫರ್ಮ್‌ವೇರ್. ಆಮೇಲೆ 64 ಕೆಬಿ ಸೆಟ್ಟಿಂಗುಗಳು. ತುದಿಯ 64 ಕೆಬಿಯಲ್ಲಿ ಆ ಒಂದು ರೂಟರಿನ ರೇಡಿಯೋಗೆಂದೇ ಕಾರ್ಖಾನೆಯಲ್ಲಿ ಅಳೆದು ಬರೆದ ಅಂಕಿಗಳು. ಈ ಕೊನೆಯದು ಅಳಿದರೆ ಇನ್ನೊಂದು ರೂಟರಿನಿಂದ ತಂದು ಹಾಕಿ ಸರಿಮಾಡಲಾಗದು. ಬೂಟ್‌ಲೋಡರ್ ಅಂದರೆ ಕರೆಂಟು ಬಂದೊಡನೆ ಮೊದಲು ಏಳುವ ಪುಟ್ಟ ಪ್ರೋಗ್ರಾಂ. ಅದು ಉಳಿದಿದ್ದರೆ ರೂಟರಿನಲ್ಲಿ ಇನ್ನೂ ಜೀವವಿದೆ. ಕರೆಂಟು ಕೊಡುವಾಗಲೇ ರಿಸೆಟ್ ಗುಂಡಿ ಒತ್ತಿ ಹಿಡಿದಿದ್ದರೆ ಈ ಬೂಟ್‌ಲೋಡರ್ ಅದನ್ನು ಕಂಡು, ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ತಂತಿಯ ಮೇಲೆ ಟಿಎಫ್‌ಟಿಪಿ ಮೂಲಕ ಹೊಸ ಫರ್ಮ್‌ವೇರ್ ಬೇಡುತ್ತದೆ. ಟಿಎಫ್‌ಟಿಪಿ ಹಳೆಯ, ಬಹಳ ಸರಳ ಪದ್ಧತಿ. ಯೂಸರ್‌ನೇಮ್ ಇಲ್ಲ, ಪಾಸ್‌ವರ್ಡ್ ಇಲ್ಲ, ಯುಡಿಪಿ ಪೋರ್ಟ್ 69ರಲ್ಲಿ "ಈ ಹೆಸರಿನ ಫೈಲು ಕೊಡು" ಎಂಬ ಕೋರಿಕೆ, ಅಷ್ಟೇ.

ತೊಡಕು ಎಲ್ಲೆಂದರೆ, ಬೂಟ್‌ಲೋಡರ್ ಕೇಳುವುದು ಒಂದು ನಿಗದಿಯಾದ ವಿಳಾಸದಲ್ಲಿ, ನಿಗದಿಯಾದ ಹೆಸರಿನ ಫೈಲನ್ನು. ಎರಡರಲ್ಲಿ ಒಂದು ತಪ್ಪಿದರೂ ಕೆಲವು ಸೆಕೆಂಡು ಕಾದು ಸುಮ್ಮನಾಗುತ್ತದೆ. ಹೊರಗಿನಿಂದ ನೋಡುವವರಿಗೆ ಸತ್ತ ಹಾಗೇ ಕಾಣುತ್ತದೆ.

ಬಂದವನು ಯಾವ ವಿಳಾಸವನ್ನೂ ಊಹಿಸಲು ಹೋಗಲಿಲ್ಲ. ರೂಟರಿನ ಹಳದಿ ಲ್ಯಾನ್ ಪೋರ್ಟೊಂದಕ್ಕೆ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ (ತಂತಿಯಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ಪ್ರೋಗ್ರಾಂ) ತೆರೆದು, ರಿಸೆಟ್ ಒತ್ತಿ ಹಿಡಿದು ಕರೆಂಟು ಕೊಟ್ಟ. ಡಬ್ಲ್ಯುಪಿಎಸ್ ದೀಪ ಹೊತ್ತಿಕೊಂಡಿತು. ಪರದೆಯ ಮೇಲೆ ಒಂದೇ ಬಗೆಯ ಸಾಲು ಮತ್ತೆ ಮತ್ತೆ: "192.168.0.66 ಯಾರ ಬಳಿ ಇದೆ? 192.168.0.86ಕ್ಕೆ ತಿಳಿಸಿ."

ಪ್ರಕರಣದ ತಿರುವು ಇದು. ಬೂಟ್‌ಲೋಡರ್ ಬದುಕಿದೆ, ಲ್ಯಾನ್ ಪೋರ್ಟ್ ಸರಿಯಿದೆ, ಬೇಕಾದ ವಿಳಾಸ 66 ಎಂಬ ಮೂರು ಸಂಗತಿ ಒಂದೇ ಸಾಲಿನಲ್ಲಿ ತಿಳಿದವು. 225 ಕೂಡ ಇದೇ ಕಂಪನಿಯದೇ, ಆದರೆ ಮೀಡಿಯಾಟೆಕ್ ಚಿಪ್ಪಿನ ನಂತರದ ಮಾದರಿಗಳದ್ದು. ಮಗ ಓದಿದ್ದು ಸುಳ್ಳಲ್ಲ, ಬೇರೆ ಪೆಟ್ಟಿಗೆಗೆ ಬರೆದದ್ದು. ಹಿಂದಿನ ರಾತ್ರಿಯೇ ಈ ಐದು ನಿಮಿಷದ ಪರೀಕ್ಷೆ ಮಾಡಿದ್ದರೆ ಒಂದು ದಿನ ಉಳಿಯುತ್ತಿತ್ತು.

ಫೈಲಿನ ಲೆಕ್ಕ

ಕಂಪನಿಯ ಪುಟದಿಂದ ಇಳಿಸಿದ ಜಿಪ್ ಬಿಚ್ಚಿದರೆ ಸಿಕ್ಕ ಫೈಲಿನ ಹೆಸರಿನಲ್ಲಿ "ಬೂಟ್" ಎಂಬ ಪದವಿತ್ತು. ಗಾತ್ರ 40,63,744 ಬೈಟ್. ಫರ್ಮ್‌ವೇರಿಗೆಂದು ಮೀಸಲಾದ ಜಾಗ 39,32,160 ಬೈಟ್. ಫೈಲೇ ದೊಡ್ಡದು. ಕೆಲಸ ಇಲ್ಲಿ ನಿಂತಿತು, ನಿಲ್ಲಿಸಿದ್ದು ಸರಿಯೂ ಹೌದು.

ವ್ಯತ್ಯಾಸ 1,31,584 ಬೈಟ್. ಅದರಲ್ಲಿ 512 ಬೈಟ್ ತಲೆಬರಹ, 1,31,072 ಬೈಟ್ ಅಂದರೆ ಸರಿಯಾಗಿ 128 ಕೆಬಿ ಬೂಟ್‌ಲೋಡರ್. ಹೆಸರಿನಲ್ಲಿ "ಬೂಟ್" ಇದ್ದರೆ ಫೈಲಿನೊಳಗೆ ಬೂಟ್‌ಲೋಡರೂ ಇದೆ ಎಂದರ್ಥ. ಟಿಎಫ್‌ಟಿಪಿ ದಾರಿಯಲ್ಲಿ ಬೂಟ್‌ಲೋಡರ್ ಫೈಲನ್ನು 128 ಕೆಬಿಯ ಗಡಿಯಿಂದ ಬರೆಯಲು ಶುರುಮಾಡುತ್ತದೆ. ಇಡೀ ಫೈಲನ್ನೇ ಕೊಟ್ಟು, ಅದು ಗಾತ್ರ ನೋಡದೆ ಬರೆದುಬಿಟ್ಟರೆ ಎರಡು ಅನಾಹುತ. ಮೊದಲನೆಯದು, ಫರ್ಮ್‌ವೇರ್ ಇರಬೇಕಾದಲ್ಲಿ ಇನ್ನೊಂದು ಬೂಟ್‌ಲೋಡರಿನ ಪ್ರತಿ ಕೂರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: 1,31,072ಕ್ಕೆ 40,63,744 ಕೂಡಿಸಿದರೆ 41,94,816. ಇಡೀ ಚಿಪ್ಪಿನ ಗಾತ್ರವೇ 41,94,304. ಅಂದರೆ ಬರಹ ಸೆಟ್ಟಿಂಗುಗಳ ಜಾಗವನ್ನೂ, ರೇಡಿಯೋ ಅಂಕಿಗಳ ಜಾಗವನ್ನೂ ನುಂಗಿ ಅಂಚು ದಾಟುತ್ತದೆ. ರೂಟರ್ ಎದ್ದರೂ ವೈಫೈ ಏಳುವುದಿಲ್ಲ.

ಹಾಗಾಗಿ ತಲೆಯ 1,31,584 ಬೈಟ್ ಕತ್ತರಿಸಬೇಕು. ಲಿನಕ್ಸಿನಲ್ಲಾದರೆ ಡಿಡಿ ಆದೇಶಕ್ಕೆ ತುಂಡಿನ ಗಾತ್ರ 512, ಬಿಡಬೇಕಾದ ತುಂಡು 257 ಎಂದು ಕೊಟ್ಟರೆ ಮುಗಿಯಿತು, 257ನ್ನು 512ರಿಂದ ಗುಣಿಸಿದರೆ ಅದೇ ಸಂಖ್ಯೆ. ಇಲ್ಲಿ ವಿಂಡೋಸ್ ಇದ್ದುದರಿಂದ ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತೋರಿಸಿ ತಿದ್ದಲು ಬಿಡುವ ಪ್ರೋಗ್ರಾಂ) ಆ ಭಾಗ ಆಯ್ದು ಅಳಿಸಿದರು. ತಾಳೆ ನೋಡಲು ಎರಡು ಗುರುತು: ಉಳಿದ ಗಾತ್ರ 39,32,160ಕ್ಕೆ ಒಂದು ಬೈಟೂ ಹೆಚ್ಚುಕಡಿಮೆ ಇರಬಾರದು, ಹೊಸ ಫೈಲಿನ ಮೊದಲ ಸಾಲಿನಲ್ಲೇ ಕಂಪನಿಯ ಹೆಸರು ಅಕ್ಷರಗಳಲ್ಲಿ ಕಾಣಬೇಕು. ಮೂಲ ಫೈಲಿನಲ್ಲಿ ಆ ಹೆಸರು ತಲೆಯಲ್ಲಿ ಒಮ್ಮೆ, ಬೂಟ್‌ಲೋಡರ್ ಮುಗಿದ ಜಾಗದಲ್ಲಿ ಇನ್ನೊಮ್ಮೆ ಬರುತ್ತದೆ. ಬೇಕಾದದ್ದು ಎರಡನೆಯದರಿಂದ ಮುಂದಿನದು. ಹೆಸರಿನಲ್ಲಿ "ಬೂಟ್" ಇಲ್ಲದ ಫೈಲು ಸಿಕ್ಕಿದ್ದರೆ ಈ ಕತ್ತರಿ ಪ್ರಯೋಗವೇ ಬೇಡ. ಅದನ್ನು ಕತ್ತರಿಸಿದರೆ ಉಲ್ಟಾ ಹಾಳು.

ಮೂರು ಸಲ ಎಡವಿದ್ದು

ಲ್ಯಾಪ್‌ಟಾಪಿಗೆ 192.168.0.66, ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ವೈಫೈ ಬಂದ್. ಟಿಎಫ್‌ಟಿಪಿಡಿ 64 ಎಂಬ ಉಚಿತ ಸರ್ವರ್ ತೆರೆದು, ಫೈಲಿರುವ ಫೋಲ್ಡರ್ ತೋರಿಸಿ, ಮೇಲಿನ ಪಟ್ಟಿಯಲ್ಲಿ 66ರ ವಿಳಾಸವನ್ನೇ ಆಯ್ದರು. ಇದನ್ನು ಮರೆತರೆ ಸರ್ವರ್ ಬೇರೆ ಅಡಾಪ್ಟರಿನ ಮೇಲೆ ಕಾಯುತ್ತ ಕೂತಿರುತ್ತದೆ. ಫೈಲಿನ ಹೆಸರು ಆವೃತ್ತಿ 9 ಕೇಳುವ ಹಾಗೆಯೇ ಇರಬೇಕು: ಡಬ್ಲ್ಯುಆರ್841ಎನ್‌ವಿ9, ಅಂಡರ್‌ಸ್ಕೋರ್, ಟಿಪಿ, ಅಂಡರ್‌ಸ್ಕೋರ್, ರಿಕವರಿ, ಕೊನೆಗೆ ಚುಕ್ಕೆ ಬಿನ್. ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಖಾಲಿ ಜಾಗವಿಲ್ಲ.

ಮೊದಲ ಸಲ ಸರ್ವರಿನ ಲಾಗ್ (ನಡೆದದ್ದರ ದಾಖಲೆ) ಖಾಲಿ. ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟ್ ಇಲ್ಲದೆ ಯುಎಸ್‌ಬಿ ಅಡಾಪ್ಟರ್ ಹಾಕಿದ್ದರು. ರೂಟರ್ ಆರಿದ್ದಾಗ ತಂತಿಯೂ ಸತ್ತಂತೆ. ಕರೆಂಟು ಬಂದ ಮೇಲೆ ಅಡಾಪ್ಟರ್ ಎಚ್ಚೆತ್ತು, ವಿಂಡೋಸ್ ವಿಳಾಸ ಹಚ್ಚಿಕೊಳ್ಳುವ ಹೊತ್ತಿಗೆ ಬೂಟ್‌ಲೋಡರ್ ಕೇಳಿ ಮುಗಿಸಿತ್ತು. ಪರಿಹಾರ ಹೋಟೆಲಿನಿಂದ ಬಂತು. ಸಿಸಿಟಿವಿಗೆಂದು ತಂದು ಉಳಿದಿದ್ದ ಐದು ಪೋರ್ಟಿನ ಸ್ವಿಚ್ ಪೆಟ್ಟಿಗೆಯನ್ನು (ಹಲವು ನೆಟ್‌ವರ್ಕ್ ತಂತಿಗಳನ್ನು ಒಟ್ಟು ಸೇರಿಸುವಂಥದ್ದು) ಹುಡುಗನೊಬ್ಬ ತಂದುಕೊಟ್ಟ. ಲ್ಯಾಪ್‌ಟಾಪಿನ ತಂತಿ ಅದಕ್ಕೆ, ರೂಟರಿನ ತಂತಿಯೂ ಅದಕ್ಕೆ. ಈಗ ರೂಟರ್ ಆರಲಿ, ಹೊತ್ತಲಿ, ಲ್ಯಾಪ್‌ಟಾಪಿನ ಸಂಪರ್ಕ ಸದಾ ಜೀವಂತ. ಇಂಥ ದುರಸ್ತಿಯಲ್ಲಿ ಅರ್ಧ ಸೋಲುಗಳಿಗೆ ಮದ್ದು ಈ ಅಗ್ಗದ ಪೆಟ್ಟಿಗೆ.

ಎರಡನೆಯ ಸಲ ವೈರ್‌ಶಾರ್ಕಿನಲ್ಲಿ ಫೈಲು ಕೇಳಿದ್ದು ಕಂಡಿತು, ಸರ್ವರ್ ಉತ್ತರಿಸಲಿಲ್ಲ. ವಿಂಡೋಸ್ ಫೈರ್‌ವಾಲ್ ಹೊಸ ತಂತಿಯನ್ನು ಸಾರ್ವಜನಿಕ ನೆಟ್‌ವರ್ಕ್ ಎಂದು ಲೆಕ್ಕ ಹಾಕಿ ಬಾಗಿಲು ಮುಚ್ಚಿತ್ತು. ಹೊರಗಿನ ಇಂಟರ್‌ನೆಟ್ ಇಲ್ಲದ ಹೊತ್ತು, ಹತ್ತು ನಿಮಿಷ ಫೈರ್‌ವಾಲ್ ಆರಿಸಿದರೆ ಅಪಾಯವಿಲ್ಲ. ಕೆಲಸವಾದ ಮೇಲೆ ನೆನಪಿಟ್ಟು ಹಾಕಬೇಕು, ಅಷ್ಟೇ.

ಮೂರನೆಯ ಸಲ ಲಾಗಿನಲ್ಲಿ "ಫೈಲು ಸಿಗಲಿಲ್ಲ". ವಿಂಡೋಸ್ ಫೈಲಿನ ಹೆಸರಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಭಾಗವನ್ನು, ಅಡಗಿಸಿ ತೋರಿಸುತ್ತದೆ. ಹೆಸರು ಬದಲಿಸುವಾಗ ಮತ್ತೊಮ್ಮೆ "ಬಿನ್" ಬರೆದದ್ದರಿಂದ ಅದು ಬಿನ್ ಚುಕ್ಕೆ ಬಿನ್ ಆಗಿತ್ತು. ನಗು ಬರುವ ತಪ್ಪು, ಆದರೆ ಬಹಳ ಮಂದಿ ಇಲ್ಲಿಂದಲೇ ಹಿಂದಿರುಗಿ ಹೊಸ ರೂಟರ್ ಕೊಳ್ಳುತ್ತಾರೆ. ಪ್ರತಿ ಸಲವೂ ಲಾಗ್ ಮತ್ತು ವೈರ್‌ಶಾರ್ಕ್ ಎರಡೂ ತೆರೆದಿದ್ದುದರಿಂದ ಸೋಲು ಯಾವ ಮೆಟ್ಟಿಲಲ್ಲಿ ಎಂದು ತಿಳಿಯುತ್ತಿತ್ತು: ವಿಳಾಸ ಕೇಳುತ್ತಿದೆಯೇ, ಫೈಲು ಕೇಳುತ್ತಿದೆಯೇ, ಹೆಸರು ಹೊಂದುತ್ತಿದೆಯೇ.

ನಾಲ್ಕನೆಯ ಸಲಕ್ಕೆ ಮೊದಲು ಗೋಡೆಯ ಸ್ವಿಚ್ಚಿನ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿದರು. ಅಜ್ಜಿಯೇ ಪಕ್ಕದಲ್ಲಿ ಕುರ್ಚಿ ಹಾಕಿ ಕಾವಲು ಕೂತರು. ರೂಟರಿನ ಅಡಾಪ್ಟರನ್ನು ಹಿಂಬದಿಯ ಪಿನ್ನಿನಲ್ಲೇ ಹಾಕಿ ತೆಗೆದು ಮಾಡುವುದೆಂದಾಯಿತು. ರಿಸೆಟ್ ಒತ್ತಿ, ಕರೆಂಟು ಕೊಟ್ಟು, ಡಬ್ಲ್ಯುಪಿಎಸ್ ದೀಪ ಹೊತ್ತಿದ ಮೇಲೆ ಬಿಟ್ಟರು. ಲಾಗಿನಲ್ಲಿ ಫೈಲು ಪೂರ್ತಿ ಹೋಯಿತೆಂಬ ಸಾಲು ಬರಲು ಕೆಲವೇ ಸೆಕೆಂಡು.

ಅವಸರ ಮಾಡಬಾರದ ಹೊತ್ತು ಇದೇ. ಫೈಲು ತಲುಪಿದ್ದು ರ್‍ಯಾಮಿಗೆ, ಚಿಪ್ಪಿಗೆ ಬರೆಯುವುದು ಈಗ ಶುರು. ದೀಪಗಳು ಯಾವ ರೀತಿ ಕುಣಿದರೂ ಐದು ನಿಮಿಷ ಮುಟ್ಟಬಾರದೆಂದು ಗಡಿಯಾರ ನೋಡಿ ಕೂತರು. ಎರಡು ನಿಮಿಷವಾಗುವಷ್ಟರಲ್ಲಿ ರೂಟರ್ ತಾನೇ ಮರುಹೊತ್ತಿ, ವೈಫೈ ದೀಪ ಮಿಣುಕತೊಡಗಿತು. ಆದರೂ ಐದು ಮುಗಿಯುವ ತನಕ ಯಾರೂ ಏಳಲಿಲ್ಲ.

ಎದ್ದ ಮೇಲಿನ ಕೆಲಸ

192.168.0.1 ತೆರೆಯಿತು, ಯೂಸರ್‌ನೇಮ್ ಪಾಸ್‌ವರ್ಡ್ ಎರಡೂ ಕಾರ್ಖಾನೆಯ "ಅಡ್ಮಿನ್". ಸೆಟ್ಟಿಂಗುಗಳ 64 ಕೆಬಿ ಜಾಗವನ್ನು ಈ ದುರಸ್ತಿ ಮುಟ್ಟಬೇಕಾಗಿರಲಿಲ್ಲ, ಆದರೂ ಹಳೆಯ ಸೆಟ್ಟಿಂಗ್ ಉಳಿದಿರಲಿಲ್ಲ. ಸೆಟ್ಟಿಂಗ್ ಉಳಿದೀತೆಂದು ನಂಬಿಕೊಳ್ಳಬಾರದು. ಪಿಪಿಪಿಒಇ ಯೂಸರ್‌ನೇಮ್ ಯಾರಿಗೂ ನೆನಪಿಲ್ಲ. ಕೇಬಲ್‌ನವನ ಆಫೀಸು ಮರುದಿನ ಬೆಳಗ್ಗೆ ತೆರೆಯುವ ತನಕ ಕಾಯಬೇಕಾಯಿತು. ರೂಟರ್ ಬದುಕಿದರೂ ನೆಟ್ ಬರಲು ಹನ್ನೆರಡು ಗಂಟೆ ತಡವಾದದ್ದು ಒಂದು ಚೀಟಿ ಬರೆದಿಡದ ಕಾರಣಕ್ಕೆ.

ಒಂದು ವಿಷಯದಲ್ಲಿ ಅನುಕೂಲವಾಯಿತು. ಬಡಾವಣೆಯ ಕೇಬಲ್‌ನವರು ಹಲವೆಡೆ ಸಂಪರ್ಕವನ್ನು ರೂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಕಟ್ಟಿಹಾಕಿರುತ್ತಾರೆ. ಈ ಮಾದರಿಯಲ್ಲಿ ಮ್ಯಾಕ್ ವಿಳಾಸ ಇರುವುದು ಬೂಟ್‌ಲೋಡರಿನ 128 ಕೆಬಿಯ ಕೊನೆಯ ಭಾಗದಲ್ಲಿ. ಅದನ್ನು ಮುಟ್ಟದ ಕಾರಣ ವಿಳಾಸ ಹಳೆಯದೇ ಉಳಿದಿತ್ತು. ಅಡಿಯ ಚೀಟಿಯ ಅಂಕಿಯೊಂದಿಗೆ ತಾಳೆ ನೋಡಿದರೆ ಸಾಕು. ಹೊಸ ರೂಟರ್ ತಂದಿದ್ದರೆ ಆ ಆಫೀಸಿಗೆ ಇನ್ನೊಂದು ಫೋನ್ ಮಾಡಬೇಕಿತ್ತು.

ವೈರ್‌ಶಾರ್ಕ್ ಮೌನವಾಗಿದ್ದರೆ

ಬೂಟ್‌ಲೋಡರೇ ಅಳಿದಿದ್ದರೆ ಈ ಯಾವುದೂ ನಡೆಯುತ್ತಿರಲಿಲ್ಲ. "ಬೂಟ್" ಇರುವ ಫೈಲು ಬೂಟ್‌ಲೋಡರನ್ನೂ ಹೊಸದಾಗಿ ಬರೆಯಬಹುದು. ಸ್ವಿಚ್ ಆರಿದ್ದು ಆ ಭಾಗ ಬರೆಯುವಾಗ ಅಲ್ಲದಿದ್ದುದು ಈ ಮನೆಯ ಅದೃಷ್ಟ. ಬೂಟ್‌ಲೋಡರ್ ಇದ್ದೂ ಲ್ಯಾನ್‌ನಲ್ಲಿ ಮಾತಾಡದಿದ್ದರೆ ಮುಂದಿನ ಮೆಟ್ಟಿಲು ಸೀರಿಯಲ್, ಅಂದರೆ ಒಳಗಿನ ಬೋರ್ಡಿಗೇ ತಂತಿ ಜೋಡಿಸಿ ನೇರ ಮಾತಾಡುವುದು: ಪೆಟ್ಟಿಗೆ ಬಿಚ್ಚಿ, 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಅಡಾಪ್ಟರಿನ ನೆಲ, ಕಳಿಸುವ, ಪಡೆಯುವ ಮೂರೇ ತಂತಿ ಜೋಡಿಸಿ 1,15,200 ವೇಗದಲ್ಲಿ ನೋಡಬೇಕು. ನಾಲ್ಕನೆಯ ವಿದ್ಯುತ್ ತಂತಿಯನ್ನು ಮುಟ್ಟಬಾರದು, 5 ವೋಲ್ಟ್ ಹೋದರೆ ಚಿಪ್ಪು ಸುಡಬಹುದು. ಬೂಟ್‌ಲೋಡರ್ ಇಲ್ಲವೇ ಇಲ್ಲವೆಂದರೆ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪನ್ನು ಸಿಎಚ್341ಎ ಪ್ರೋಗ್ರಾಮರಿನಿಂದ ಬರೆಯಬೇಕು. ಬರೆಯುವ ಮೊದಲು ಇದ್ದ 4 ಎಂಬಿಯನ್ನು ಪೂರ್ತಿ ಓದಿ ಉಳಿಸಿಕೊಳ್ಳಬೇಕು, ಕೊನೆಯ 64 ಕೆಬಿ ಮತ್ತೆಲ್ಲೂ ಸಿಗುವುದಿಲ್ಲ. ಆ ಪ್ರೋಗ್ರಾಮರಿನ ಅಗ್ಗದ ಕಪ್ಪು ಬೋರ್ಡುಗಳು ದತ್ತಾಂಶದ ಕಾಲುಗಳಿಗೆ 5 ವೋಲ್ಟ್ ಕೊಡುವ ದೋಷಕ್ಕೆ ಹೆಸರುವಾಸಿ. ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ಆದರೆ 300 ಎಂಬಿಪಿಎಸ್‌ನ ಹಳೆಯ ಪೆಟ್ಟಿಗೆಗಾಗಿ ಅಷ್ಟು ದೂರ ಹೋಗುವುದು ಕಲಿಯುವ ಆಸೆ ಇದ್ದವರಿಗೆ ಮಾತ್ರ ಲಾಭ.

ಬೇರೆ ಕಂಪನಿಗಳ ಬಾಗಿಲು ಬೇರೆ. ಏಸುಸ್ ರೂಟರುಗಳಲ್ಲಿ ರಿಸೆಟ್ ಒತ್ತಿ ಹೊತ್ತಿಸಿದರೆ ಪವರ್ ದೀಪ ನಿಧಾನ ಮಿಣುಕಿ, 192.168.1.1ರಲ್ಲಿ ರಕ್ಷಣಾ ಸ್ಥಿತಿ ತೆರೆಯುತ್ತದೆ. ನೆಟ್‌ಗಿಯರ್‌ನ ಹಲವಕ್ಕೆ ಎನ್‌ಎಂಆರ್‌ಪಿಫ್ಲ್ಯಾಶ್ ಎಂಬ ಉಪಕರಣವಿದೆ. ಡಿ-ಲಿಂಕ್‌ನ ಹಲವು ಮಾದರಿಗಳು ಬ್ರೌಸರಿನಲ್ಲೇ ತುರ್ತು ಪುಟ ತೋರಿಸುತ್ತವೆ. ಇಂಟರ್‌ನೆಟ್ ಕಂಪನಿಯೇ ಕೊಟ್ಟ ಫೈಬರ್ ಪೆಟ್ಟಿಗೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅದು ಅವರ ಸ್ವತ್ತು, ಅದರ ಫರ್ಮ್‌ವೇರನ್ನು ನೋಡಿಕೊಳ್ಳುವುದೂ ಅವರೇ.

ನಿರ್ಧಾರಗಳನ್ನು ಹಿಂತಿರುಗಿ ನೋಡಿದಾಗ

ಅಪ್‌ಗ್ರೇಡ್ ಬೇಕಿತ್ತೇ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು. ಮಳೆಗಾಲದಲ್ಲಿ ಕಡಿಯುತ್ತಿದ್ದ ನೆಟ್‌ಗೆ ಕಾರಣ ಹೊರಗಿನ ತಂತಿ ಎಂದು ನಂತರ ಗೊತ್ತಾಯಿತು. ಟೆರೇಸಿನ ಡಬ್ಬಿಯೊಳಗೆ ನೀರು ಹೋಗುತ್ತಿತ್ತು. ವ್ಯಾನ್ (ಹೊರಗಿನ ತಂತಿ ಸೇರುವ ಪೋರ್ಟ್) ದೀಪ ಆರುತ್ತಿದೆಯೇ, ಅಥವಾ ದೀಪ ಇದ್ದೂ ನೆಟ್ ಇಲ್ಲವೇ ಎಂದು ಮೊದಲೇ ನೋಡಿದ್ದರೆ ಫರ್ಮ್‌ವೇರಿಗೆ ಕೈ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಭದ್ರತೆಯ ದೃಷ್ಟಿಯಿಂದ ಅಪ್‌ಗ್ರೇಡ್ ತಪ್ಪಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ "ಹತ್ತು ನಿಮಿಷ ಯಾರೂ ಸ್ವಿಚ್ ಮುಟ್ಟಬೇಡಿ" ಎಂದು ಹೇಳಿ, ರೂಟರಿನ ಪಕ್ಕದಲ್ಲೇ ಕೂತು ಮಾಡುವ ಕೆಲಸ ಅದು. ಕೋಣೆಯ ಒಳಗಿನಿಂದ ಸದ್ದಿಲ್ಲದೆ ಮಾಡಿದ್ದೇ ಮಗನ ನಿಜವಾದ ತಪ್ಪು. ಅಜ್ಜಿ ತಮಗೆ ಕಲಿಸಿದ್ದನ್ನು ಮಾಡಿದರು.

ಓಪನ್‌ಡಬ್ಲ್ಯುಆರ್‌ಟಿ (ಉಚಿತವಾದ ಬದಲಿ ಫರ್ಮ್‌ವೇರ್) ಹಾಕಿಬಿಡಿ ಎಂಬ ಸಲಹೆಯೂ ಬಂದಿತ್ತು. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮಿನ ಪೆಟ್ಟಿಗೆಗಳಿಗೆ 19.07 ಸರಣಿಯೇ ಕೊನೆಯದು, ಅದೂ ಉಸಿರುಗಟ್ಟಿ ಓಡುವಂಥದ್ದು. ಬೇಡವೆಂದದ್ದು ಸರಿ.

ಸಿಸ್ಟಂ ಟೂಲ್ಸ್ ಪುಟದಿಂದ ಸೆಟ್ಟಿಂಗುಗಳ ಬ್ಯಾಕಪ್ ಇಳಿಸಿ ಪೆನ್‌ಡ್ರೈವಿಗೆ ಹಾಕಿದರು. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಬರೆದ ಚೀಟಿ ಕರೆಂಟ್ ಬಿಲ್ಲುಗಳ ಫೈಲಿಗೆ ಸೇರಿತು. ದೀಪಾವಳಿಗೆ ಎರಡು ಬ್ಯಾಂಡಿನ ಹೊಸ ರೂಟರ್ ಬಂದ ಮೇಲೆ ಈ ಹಳೆಯದನ್ನು ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆರಿಸಿ, ಲ್ಯಾನ್ ಪೋರ್ಟಿಗೇ ತಂತಿ ಕೊಟ್ಟು, ಹೋಟೆಲಿನ ಗಲ್ಲೆಯ ಬಿಲ್ಲಿಂಗ್ ಯಂತ್ರಕ್ಕೆ ವೈಫೈ ಕೊಡಲು ಒಯ್ದರು. ಐದು ಪೋರ್ಟಿನ ಸ್ವಿಚ್ ಪೆಟ್ಟಿಗೆ ಮಾತ್ರ ಹೋಟೆಲಿಗೆ ಹಿಂತಿರುಗಲಿಲ್ಲ, ಡೊಂಬಿವ್ಲಿಯ ಅಣ್ಣನ ಬ್ಯಾಗಿನಲ್ಲಿದೆ.